ಸ್ಪೇನಿನ ಅವ್ವನಿಗೊಂದು ಮಾತು

ರೋಣದ ಬಜಾರದ ಹಿಂದಿನ ಓಣಿಯಲ್ಲಿ, ಕಾಳಿನ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಸ್ಪ್ಯಾನಿಷ್ ಪುಸ್ತಕಗಳನ್ನು ಇಂಗ್ಲಿಷಿಗೆ ತರುತ್ತಿದ್ದ ನಿರ್ಮಲಾ ಈ ಶ್ರಾವಣದಲ್ಲಿ ತೀರಿಕೊಂಡಳು. ಹುಟ್ಟಿದ್ದು ಅಬ್ಬಿಗೇರಿಯಲ್ಲಿ. ಹೈದರಾಬಾದಿನಲ್ಲಿ ಓದುವಾಗ ಕಲಿತ ಭಾಷೆಯನ್ನು ಸಂಸಾರದ ನಡುವೆಯೂ ಕೈಬಿಟ್ಟಿರಲಿಲ್ಲ. ಬರೆದ ಪ್ರತಿ ವಾಕ್ಯವನ್ನೂ ಮಾಳಿಗೆಯ ಮೇಲೆ ಅಡ್ಡಾಡುತ್ತ ಗಟ್ಟಿಯಾಗಿ ಓದಿ ನೋಡುವಳು. ಎದುರುಮನೆಯ ರಮಜಾನಬಿ ಬಹಳ ದಿನ ಅದನ್ನು ಜಪವೆಂದೇ ತಿಳಿದಿದ್ದಳು.

ಆಕೆಯ ಕೊನೆಯ ಪುಸ್ತಕ ಒಂದೇ ಮಾತಿಗೆ ಬಂದು ನಿಂತಿತು. ಸ್ಪೇನಿನ ವಯಸ್ಸಾದ ಲೇಖಕಿಯೊಬ್ಬಳು ತೀರಿಹೋದ ತನ್ನ ತಾಯಿಯ ಬಗ್ಗೆ ಬರೆದದ್ದು ಅದು. ಆ ತಾಯಿ ಒರೆಸುವ ಅರಿವೆಗೂ ಇಸ್ತ್ರಿ ಮಾಡುವಳು. ಬೀಗ ಹಾಕಿ ಓಣಿಯ ತುದಿ ಮುಟ್ಟಿದವಳು ತಿರುಗಿ ಬಂದು ಜಗ್ಗಿ ನೋಡುವಳು. ಮಗಳು ಮೊದಲ ಪುಟದಲ್ಲೇ ಅವಳನ್ನು ‘ಮನಿಯಾತಿಕಾ’ ಎಂದಿದ್ದಳು. ಸ್ಪೇನಿನಲ್ಲಿ ಅದು ಮನೆಮನೆಯ ಮಾತು. ಬೈದಂತೆಯೂ ಇರುತ್ತದೆ, ಮುದ್ದು ಮಾಡಿದಂತೆಯೂ. ಇಂಗ್ಲಿಷಿನಲ್ಲಿ ‘ಅಬ್ಸೆಸಿವ್’ ಎಂದರೆ ಆ ತಾಯಿ ರೋಗಿಯಾಗುತ್ತಾಳೆ, ‘ಫಸ್ಸಿ’ ಎಂದರೆ ಬರೀ ಕಿರಿಕಿರಿಯ ಮುದುಕಿ. ಓದಿದವರಿಗೆ ನಮ್ಮವ್ವನ ಮನೆಗೆ ಹೋಗಬೇಕು ಅನ್ನಿಸಲಿ, ಅವಳನ್ನು ದವಾಖಾನೆಗೆ ಒಯ್ಯಬೇಕು ಅನ್ನಿಸದಿರಲಿ ಎಂದು ಲೇಖಕಿ ಫೋನಿನಲ್ಲಿ ಕೇಳಿಕೊಂಡಿದ್ದಳು. ನಿರ್ಮಲಾ ಆಗಲಿ ಎಂದು ಮಾತು ಕೊಟ್ಟಿದ್ದಳು.

ಪ್ರಕಾಶಕರು ಅವಸರ ಮಾಡಿದರು. ಮೈಯೊಳಗೆ ಬೇನೆಯೂ ಬೆಳೆಯುತ್ತಿತ್ತು. ಕೆಳಗಿನ ಕಾಳಿನ ಅಂಗಡಿ ನಡೆಸುವ ಗಂಡ ಈಶಪ್ಪ ರೇಗಿಸಿದ.

“ಅಲ್ಲಿ ನಿನ್ನ ಹೆಸರ ಬರದ ಕೊಟ್ಟಬಿಡ. ಓದಿದವ್ರಿಗೆ ತಿಳೀತೈತಿ.”

“ನಿಮ್ಮ ಹೆಸರ ಬರದ್ರ ಏನ ತಿಳೀತೈತ್ರಿ? ಶೇಂಗಾದ ದರಾ?”

ಅವನ ಮಾತು ಸುಳ್ಳಲ್ಲ. ಆಕೆಗೆ ಚಹಾಕ್ಕೆ ಕಪ್ಪು ಯಾವುದಾದರೂ ಆದೀತು, ಕಪ್ಪಿನ ಕೆಳಗಿಡುವ ಬಸಿ ಮಾತ್ರ ನೀಲಿ ಅಂಚಿನದೇ ಆಗಬೇಕು. ಅದು ಸಿಗದಿದ್ದರೆ ಚಹಾ ಆರಿ ತಣ್ಣಗಾದರೂ ಮುಟ್ಟಳು.

ಒಂದು ಸಂಜೆ ನರಗುಂದದಿಂದ ಮೈನುದ್ದೀನ ಬಂದ. ಈಶಪ್ಪನ ಹಳೆಯ ಗೆಳೆಯ, ಅಡುಗೆಮನೆಯವರೆಗೂ ಸಲಿಗೆ. ಚಹಾ ಕುದಿಯುತ್ತಿತ್ತು, ಅವನು ಗೋಡೆಯ ಮಾಡದಲ್ಲಿದ್ದ ನೀಲಿ ಅಂಚಿನ ಬಸಿಗೆ ಕೈ ಹಾಕಿದ. ನಿರ್ಮಲಾ ಆಗ ಮಾಳಿಗೆಯಿಂದ ಇಳಿಯುತ್ತಿದ್ದಳು.

“ಬ್ಯಾಡೋ ಮೈನೂ, ಆ ಬಸಿ ಅಕೀದು.”

“ಯಾಕೋ, ಬಸೀಗೆ ಮುತ್ತ ಕೂಡಿಸ್ಯಾರೇನ?”

“ಮುತ್ತೂ ಇಲ್ಲ, ಏನೂ ಇಲ್ಲ. ಅಕೀದೊಂದು ಪದ್ಧತಿ ಐತಿ.”

ನಿರ್ಮಲಾ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಹೊಸಬರಿಗೆ ಮನೆಯ ಗಿಡ್ಡ ಬಾಗಿಲು ತೋರಿಸಿ ತಲೆ ಜೋಕೆ ಅನ್ನುವಷ್ಟು ಸಹಜವಾಗಿ ಹೇಳಿದ್ದ ಈಶಪ್ಪ. ಅರ್ಧ ಇಳಿದವಳು ತಿರುಗಿ ಹತ್ತಿ ಹೋಗಿ ಬರೆದಳು: ‘ಶಿ ಹ್ಯಾಡ್ ಹರ್ ವೇಸ್’, ಅಕೀದೊಂದು ಪದ್ಧತಿ ಇತ್ತು. ಮಾಳಿಗೆಯ ಮೇಲೆ ಓದಿ ನೋಡಿದಳು. ಒಂದು ಶಬ್ದದ ಜಾಗದಲ್ಲಿ ಇಡೀ ವಾಕ್ಯ ಕೂತಿತ್ತು.

ಒಂದೇ ಶಬ್ದ ಸಾಕೆಂದು ಪ್ರಕಾಶಕರು ತಿದ್ದಿ ಕಳಿಸಿದರು. ಅಷ್ಟೊತ್ತಿಗೆ ಆಕೆ ಹಾಸಿಗೆ ಹಿಡಿದಿದ್ದಳು. ಎರಡು ಹೆಜ್ಜೆ ನಡೆಯಲಾರದವಳು ಹಟ ಮಾತ್ರ ಬಿಡಲಿಲ್ಲ. ಆ ಸಾಲು ತೆಗೆದರೆ ನನ್ನ ಹೆಸರನ್ನೂ ತೆಗೆಯಿರಿ ಎಂದಳು. ಅವರು ಸಾಲನ್ನು ಹಾಗೇ ಉಳಿಸಿದರು.

ಪುಸ್ತಕ ಮೊನ್ನೆ ಬಂತು. ಅವತ್ತು ಮೈನುದ್ದೀನನೂ ಬಂದಿದ್ದ, ಒಲೆಯ ಮೇಲೆ ಚಹಾ ಇತ್ತು. ಈಶಪ್ಪನ ಇಂಗ್ಲಿಷು ಅಷ್ಟಕ್ಕಷ್ಟೇ. ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತು, ಮೊದಲ ಪುಟವನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದ. ಆ ಸಾಲಿಗೆ ಬಂದು ಬೆರಳು ನಿಂತಿತು.

“ಮೈನೂ, ಇದು ನಾ ಅಂದಿದ್ದ ಮಾತಲ್ಲೇನೋ?”

ಮೈನುದ್ದೀನ ಬಗ್ಗಿ ನೋಡಿದ. “ನಂದೂ ಪಾಲೈತಿ. ಬಸೀಗೆ ಕೈ ಹಾಕಿದಾಂವ ನಾನ.”

ಈಶಪ್ಪ ನಗಲು ಹೋದ, ಆಗಲಿಲ್ಲ. ಮೈನುದ್ದೀನನೇ ಎದ್ದು ಚಹಾ ಸೋಸಿದ. ನೀಲಿ ಅಂಚಿನ ಬಸಿಯನ್ನು ಇದ್ದಲ್ಲೇ ಬಿಟ್ಟು, ಪಕ್ಕದ ಎರಡನ್ನು ತೆಗೆದುಕೊಂಡ.