ರಕ್ತದ ಹನಿಗೆ ವಿಭೂತಿ

ಸ್ನೇಹಿತರೇ, ಇವತ್ತು ಚನ್ನಗಿರಿಯ ನಮ್ಮ ಲ್ಯಾಬಿನಲ್ಲಿ ಒಬ್ಬ ಅಜ್ಜಿಯ ಮೇಲೆ ರೇಗಿಬಿಟ್ಟೆ. ಅವರ ಎಳೆ ಮೊಮ್ಮಗುವಿನ ಹಿಮ್ಮಡಿ ಚುಚ್ಚಿ, ರಕ್ತದ ಹನಿಗಳನ್ನು ಕಾಗದದ ಕಾರ್ಡಿಗೆ ಇಳಿಸಿ ಒಣಗಲು ಇಟ್ಟಿದ್ದೆ. ಹುಟ್ಟಿನಿಂದಲೇ ಬರುವ ಕಾಯಿಲೆಗಳನ್ನು ಆ ಹನಿಗಳಲ್ಲೇ ಪತ್ತೆ ಮಾಡುವ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರ ಇರುವುದು ಬೆಂಗಳೂರಿನಲ್ಲಿ. ಕೊರಿಯರ್‌ಗೆ ಹಾಕೋಣವೆಂದು ಬಂದು ನೋಡಿದರೆ ಹನಿಗಳ ಮೇಲೆಲ್ಲ ವಿಭೂತಿ!

“ಏನಜ್ಜೀ ಇದು? ಕಾರ್ಡು ಕೆಟ್ಟೋತು. ಕೂಸಿಗೆ ಮತ್ತೆ ಚುಚ್ಚಬೇಕು!”

“ಮೊದಲ್ನೇ ಕೂಸು ಹುಟ್ಟಿದ ವಾರಕ್ಕೇ ಹೋತಪ್ಪ. ಯಾಕೆ ಅಂತ ಯಾರೂ ಹೇಳ್ಲಿಲ್ಲ. ಇದಕ್ಕಾದ್ರೂ ಒಳ್ಳೇದು ಬರಲಿ ಅಂತ ಹಚ್ಚಿದೆ.”

ಇನ್ನೊಂದು ಹಿಮ್ಮಡಿ ಚುಚ್ಚಿದೆ. ಕೂಸು ಕಿರುಚಿತು. ಹೊಸ ಕಾರ್ಡನ್ನು ಅಜ್ಜಿಯ ಕೈಗೆ ಎಟುಕದಂತೆ ಬೀರುವಿನ ಮೇಲಿಟ್ಟೆ.

“ದೂರದಿಂದ ಕೈ ಮುಗಿದ್ರೆ ಕೆಡಂಗಿಲ್ಲ ಅಲ್ಲೇನಪ್ಪ?”

ಕೆಡುವುದಿಲ್ಲ ಎಂದೆ. ಅಜ್ಜಿ ಕೂಸನ್ನೆತ್ತಿಕೊಂಡು ಹೋದ ಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ನಾನೂ ಕಾರ್ಡಿಗೆ ಕೈ ಮುಗಿದೆ.