ಖಂಡೆಪೂಜೆಯ ದಿನ ನಿಲ್ಲದ ಯಂತ್ರ

ತೊಂಬತ್ತರ ದಶಕ. ಪುಣೆಯ ಒಂದು ಪ್ರಯೋಗಾಲಯದಲ್ಲಿ ನಾನು ಪಿಎಚ್.ಡಿ. ಮಾಡುತ್ತಿದ್ದೆ. ನನ್ನ ಪಾಲಿಗೆ ಬಂದದ್ದು ಕಬ್ಬಿಣದ ಕಾರ್ಬೊನಿಲ್‌ಗಳು, ಅಂದರೆ ಕಬ್ಬಿಣಕ್ಕೆ ಕಾರ್ಬನ್ ಮಾನಾಕ್ಸೈಡ್ ಅಂಟಿಕೊಂಡ ಸಂಯುಕ್ತಗಳು. ಮಹಾ ನಾಜೂಕು! ಗಾಳಿ ಸೋಕಿದರೆ ಸಾಕು, ಕೆಟ್ಟು ಕೂರುತ್ತವೆ. ಯಾವ ಪರಮಾಣು ಎಲ್ಲಿದೆ ಎಂದು ತಿಳಿಯಲು ಹರಳು ಬೆಳೆಸಿ ಎಕ್ಸ್-ರೇ ಯಂತ್ರಕ್ಕೆ ಕೊಡಬೇಕು. ಎಂಟು ತಿಂಗಳು ಒದ್ದಾಡಿದ ಮೇಲೆ ಫ್ರೀಜರಿನಲ್ಲಿ ಸಾಸಿವೆಗಿಂತ ಚಿಕ್ಕದೊಂದು ಕೆಂಪು ಹರಳು ಕಣ್ಣು ಬಿಟ್ಟಿತು. ಅದರ ರಚನೆ ಸಿಗದಿದ್ದರೆ ಪ್ರಬಂಧವೇ ಇಲ್ಲ ಎಂದು ನಮ್ಮ ಗೈಡ್ ಖಡಾಖಂಡಿತವಾಗಿ ಹೇಳಿದ್ದರು.

ಯಂತ್ರ ನೋಡಿಕೊಳ್ಳುತ್ತಿದ್ದವರು ಬಿಜಾಪುರದ ಕಡೆಯವರು, ಮನೆ ಪುಣೆಯ ಹಡಪಸರದಲ್ಲಿ. ಊರಿನವರೊಡನೆಲ್ಲ ಮರಾಠಿ, ನನ್ನೊಬ್ಬಳೊಡನೆ ಕನ್ನಡ ಆಡುತ್ತಿದ್ದರು. ನಾನು ಕಾಕಾ ಅನ್ನುತ್ತಿದ್ದೆ. ಒಂದು ಹರಳನ್ನು ಅಳೆಯಲು ಆ ಯಂತ್ರಕ್ಕೆ ನಾಲ್ಕು ದಿನ ಬೇಕಿತ್ತು. ನನ್ನ ಹರಳನ್ನು ಅದರಲ್ಲಿಟ್ಟ ಮೂರನೆಯ ದಿನ ಖಂಡೆಪೂಜೆ, ಅಂದರೆ ಆಯುಧಪೂಜೆ. ಕಾಕಾ ಹೊಸ ಅಂಗಿ ತೊಟ್ಟು, ಚೆಂಡುಹೂವಿನ ಮಾಲೆ ಹಿಡಿದು ಬಂದವರೇ ಸ್ವಿಚ್ಚಿಗೆ ಕೈ ಹಾಕಿದರು.

"ಇವತ್ತ ಬಂದ್, ತಂಗಿ. ಖಂಡೆಪೂಜಿ ಅದ. ಮಷೀನಿಗೂ ಒಂದ ದಿನ ಆರಾಮ ಬ್ಯಾಡೇನು?"

ನನಗೆ ಪಿತ್ತ ನೆತ್ತಿಗೇರಿತು. "ಅದು ಆರಾಮ ತಗೊಂಡ್ರ ನನ್ನ ಹರಳು ಸಾಯ್ತದ್ರಿ ಕಾಕಾ! ನಿನ್ನೆಯಿಂದನ ಕೆಡಾಕತ್ತದ."

"ಇಷ್ಟ ವರ್ಷದಾಗ ಒಮ್ಮಿನೂ ತಪ್ಪಿಸಿಲ್ಲ ನಾ."

"ಹಂಗಾರ ನನ್ನ ಹೆಣಕ್ಕೂ ಒಂದ ಮಾಲಿ ಹಾಕ್ರಿ!"

"ಥೂ, ಹಬ್ಬದ ದಿನ ಏನ ಮಾತದು!" ಎಂದು ಬೈದರು. ಆಮೇಲೆ ಸ್ವಿಚ್ಚಿನಿಂದ ಕೈ ತೆಗೆದರು. ಕಟಕಟ ಸದ್ದು ಮಾಡುತ್ತಿದ್ದ ಯಂತ್ರದ ಬಾಗಿಲಿಗೇ ಕುಂಕುಮ ಹಚ್ಚಿ, "ತಪ್ಪಾತಪ್ಪಾ, ಹೊಟ್ಟ್ಯಾಗ ಹಾಕ್ಕೋ" ಎಂದು ಕೈಮುಗಿದರು. ಹೋಳಿಗೆ ಊಟಕ್ಕೂ ಮನೆಗೆ ಹೋಗಲಿಲ್ಲ. ಯಂತ್ರ ನಡುವೆ ನಿಂತುಬಿಟ್ಟರೆ ಎಂದು ಸಂಜೆಯವರೆಗೆ ಸ್ಟೂಲಿನ ಮೇಲೆ ಕೂತು ಕಾದರು.

ರಚನೆ ಸಿಕ್ಕಿತು! ಎರಡು ಕಬ್ಬಿಣದ ಪರಮಾಣುಗಳ ನಡುವೆ ಒಂದು ಕಾರ್ಬನ್ ಮಾನಾಕ್ಸೈಡ್ ಸೇತುವೆ ಕಟ್ಟಿ ಕೂತಿತ್ತು. ನಾನು ವರಾಂಡದಲ್ಲೇ ಕುಣಿದೆ.

ಮರುವರ್ಷ ಬೈಂಡಾದ ಪ್ರಬಂಧವನ್ನು ಕಾಕಾನಿಗೆ ತೋರಿಸಲು ಒಯ್ದೆ. ಅವರು ಕೈ ಒರೆಸಿಕೊಂಡು ಕೃತಜ್ಞತೆಯ ಪುಟ ತೆರೆದರು. ಗೈಡ್, ಅಪ್ಪ, ಅವ್ವ, ಗೆಳತಿಯರು, ಮೆಸ್ಸಿನಲ್ಲಿ ಅಡುಗೆ ಮಾಡುತ್ತಿದ್ದ ಮಾವಶಿ, ಎಲ್ಲರೂ ಇದ್ದರು. ಕಾಕಾ ಬೆರಳಿಟ್ಟು ಮೇಲಿಂದ ಕೆಳಗೆ ಓದಿದರು. ಮತ್ತೊಮ್ಮೆ ಓದಿದರು. ಆಗ ನನಗೆ ಹೊಳೆಯಿತು. ನೆಲ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು.

ಅವರು ಪುಟ ಮಗುಚುತ್ತ ಹೋದರು. ಪ್ರಯೋಗದ ಅಧ್ಯಾಯದಲ್ಲಿ ಯಂತ್ರದ ಮಾದರಿ ಬರೆದಿದ್ದ ಸಾಲು ಸಿಕ್ಕಿತು. ಅದರ ಮೇಲೆ ಬೆರಳಿಟ್ಟು, "ನಮ್ಮ ಮಷೀನಿನ ಹೆಸರು ಹಾಕೀಯಲ್ಲಾ ತಂಗಿ, ಸಾಕು ಬಿಡು" ಎಂದರು.