ಗಾಳಿ ಇಳಿಯುವ ತನಕ

ಕಳೆದ ವಾರ ನಮ್ಮ ಮನೆಯ ಮುಂದಿನ ರಸ್ತೆಗೆ ಡಾಂಬರು ಹಾಕಲು ಬಂದರು. ಹರಪನಹಳ್ಳಿಯಲ್ಲಿ ಮನೆ ಕಟ್ಟಿಸಿ ಹದಿನೆಂಟು ವರ್ಷವಾಯಿತು, ಈ ರಸ್ತೆಗೆ ಡಾಂಬರು ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬುವುದನ್ನೇ ಬಿಟ್ಟಿದ್ದೆ. ಅದೂ ಆಷಾಢದಲ್ಲಿ! ಮಳೆ ಇಲ್ಲವೆಂದು ಬಂದರಂತೆ. ಬಂದರೂ ನಂಬಲಿಲ್ಲ, ಎಷ್ಟು ದಪ್ಪ ಹಾಕುತ್ತಾರೋ ನೋಡೋಣ ಎಂದು ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತೆ. ಡ್ರಮ್ಮಿನ ಕೆಳಗೆ ಬೆಂಕಿ ಹಚ್ಚಿದರು. ಕಾದ ಡಾಂಬರಿನ ವಾಸನೆ ಗಂಟಲಿಗೆ ಇಳಿಯಿತು. ಹೆಂಡತಿ ಕಿಟಕಿಗಳನ್ನೆಲ್ಲ ಮುಚ್ಚಿ, ಕೆಮ್ಮು ಹತ್ತುತ್ತದೆ ಒಳಗೆ ಬನ್ನಿ ಎಂದು ಕರೆದಳು. ನಾನು ಏಳಲಿಲ್ಲ. ನನಗೆ ಆಗ ರಸ್ತೆ ಕಾಣುತ್ತಿರಲಿಲ್ಲ... ಬೋರಲು ಹಾಕಿದ ಹರಿಗೋಲಿನ ಬೆನ್ನು ಕಾಣುತ್ತಿತ್ತು. ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಹರಕು ಬಟ್ಟೆಯ ತುಂಡನ್ನು ಡಾಂಬರಿನಲ್ಲಿ ಅದ್ದಿ ಅಂಟಿಸುತ್ತಿದ್ದ ದೊಡ್ಡವ್ವ ಕಾಣುತ್ತಿದ್ದಳು.

ದೊಡ್ಡವ್ವ ಸಂಬಂಧದಲ್ಲಿ ನನಗೆ ಏನೂ ಆಗಬೇಕಿರಲಿಲ್ಲ. ಊರವರೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನಾಗ ಮಲೇರಿಯಾ ಕೆಲಸಗಾರ. ಹಗರಿಬೊಮ್ಮನಹಳ್ಳಿಯಿಂದ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಸೈಕಲ್ ತುಳಿದು, ತುಂಗಭದ್ರೆಯ ಹಿನ್ನೀರಿನ ದಂಡೆಯ ಊರುಗಳಲ್ಲಿ ಮನೆಮನೆಗೆ ಹೋಗಬೇಕು. ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆ. ಯಾರಿಗಾದರೂ ಜ್ವರವಿದೆಯೇ ಎಂದು ಕೇಳಬೇಕು, ಇದ್ದರೆ ಬೆರಳಿಗೆ ಸೂಜಿ ಚುಚ್ಚಿ ಗಾಜಿನ ಪಟ್ಟಿಗೆ ರಕ್ತ ಸವರಿಕೊಳ್ಳಬೇಕು, ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಖು ಬರೆಯಬೇಕು. ಹೆಸರು ಬರೆದುಕೊಳ್ಳುವವನನ್ನು ಯಾವ ಊರಿನವರು ನಂಬಿದ್ದಾರೆ? ಗಂಡಸರನ್ನು ಹಿಡಿದುಕೊಂಡು ಹೋಗಿ ಸಂತಾನಹರಣ ಆಪರೇಷನ್ ಮಾಡಿಸಿದ ಕಾಲ ಮುಗಿದು ಬಹಳ ದಿನ ಆಗಿರಲಿಲ್ಲ. ನನ್ನ ಸೈಕಲ್ಲು ಕಂಡರೆ ಸಾಕು, ಗಂಡಸರು ಹಿತ್ತಲ ಬಾಗಿಲಿನಿಂದ ಜಾಗ ಖಾಲಿ ಮಾಡುತ್ತಿದ್ದರು.

ನನ್ನೂರು ಉಜ್ಜಿನಿಯ ಕಡೆ. ನೀರೆಂದರೆ ನಮಗೆ ಬಾವಿಯ ತಳದಲ್ಲಿ ಹೊಳೆಯುವ ಬಿಲ್ಲೆಯಷ್ಟು ಬೆಳಕು. ಹಿನ್ನೀರನ್ನು ಮೊದಲ ಸಲ ನೋಡಿದ ದಿನ ಸೈಕಲ್ಲಿನಿಂದ ಇಳಿದು ನಿಂತವನು ಊಟದ ಹೊತ್ತನ್ನೂ ಮರೆತೆ. ಅಷ್ಟು ನೀರಿನ ನಡುವೆ ಒಬ್ಬಳೇ ಹೆಂಗಸು, ಬುಟ್ಟಿಯಂಥ ಪುಟ್ಟ ಹರಿಗೋಲಿನಲ್ಲಿ ಗಾಳ ಬಿಟ್ಟುಕೊಂಡು, ಈ ಲೋಕಕ್ಕೂ ತನಗೂ ಸಂಬಂಧವೇ ಇಲ್ಲ ಎನ್ನುವಂತೆ ಕೂತಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು. ಅವಳು ದಂಡೆಗೆ ಬರುವ ತನಕ ಕಾದು, ನನಗೂ ಇದನ್ನು ಕಲಿಸು ಎಂದು ಕೇಳಿಯೇಬಿಟ್ಟೆ. ನಾನು ಮೀನು ತಿನ್ನುವವನಲ್ಲ, ಮಾರುವವನೂ ಅಲ್ಲ, ನಿನ್ನ ಪಾಲಿಗೆ ಅಡ್ಡ ಬರುವುದಿಲ್ಲ ಎಂದೂ ಸೇರಿಸಿದೆ. ಹಾಗೆಂದರೆ ಅವಳಿಗೆ ಸಮಾಧಾನವಾದೀತು ಎಂದುಕೊಂಡಿದ್ದೆ, ನನ್ನ ಬುದ್ಧಿಯೇ!

ಅವಳು ನನ್ನ ಹೆಗಲಿನ ಖಾಕಿ ಚೀಲ ನೋಡಿದಳು, ಕೊರಳಿನ ಲಿಂಗದ ಕರಡಿಗೆ ನೋಡಿದಳು.

"ತಿನ್ನಾದಿಲ್ಲಂತೀರಿ, ಮಾರಾದಿಲ್ಲಂತೀರಿ. ಮತ್ತ ಮೀನು ಯಾಕ ಬೇಕ್ರಿ ನಿಮಗ, ಸಾಹೇಬ್ರ?"

ನೀರಿನ ಮೇಲೆ ಕೂರಬೇಕು ಅನ್ನಿಸಿತು ಎಂದರೆ ಯಾರು ನಂಬುತ್ತಾರೆ? ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಅವಳ ಅನುಮಾನದ ಕಾರಣ ಆಮೇಲೆ ತಿಳಿಯಿತು. ಹಿನ್ನೀರಿನ ಮೀನೆಲ್ಲ ಗುತ್ತಿಗೆ ಹಿಡಿದವನದು. ಲೈಸೆನ್ಸ್ ಇದ್ದವರು ಮಾತ್ರ ನೀರಿಗೆ ಇಳಿಯಬೇಕು, ಹಿಡಿದದ್ದನ್ನು ಅವನಿಗೇ ಕೊಡಬೇಕು. ಅವಳ ಮನೆಯ ಲೈಸೆನ್ಸ್ ಗಂಡನ ಹೆಸರಿನಲ್ಲಿತ್ತು. ಗಂಡ ತೀರಿಕೊಂಡ ಮೇಲೆ, ಒಂಟಿ ಹೆಂಗಸಿಗೆ ಎಂಥಾ ಲೈಸೆನ್ಸು ಎಂದು ಗುತ್ತಿಗೆದಾರನ ಮೇಸ್ತ್ರಿ ಅವಳನ್ನು ವಾಪಸು ಕಳಿಸಿದ್ದ. ಅಂದಿನಿಂದ ಅವಳು ಕದ್ದು ಹೋಗುತ್ತಿದ್ದಳು, ಮೀನನ್ನು ಸೊಪ್ಪಿನ ಬುಟ್ಟಿಯ ಅಡಿಯಲ್ಲಿಟ್ಟು ಸಂತೆಗೆ ಒಯ್ಯುತ್ತಿದ್ದಳು. ಸಿಕ್ಕಿಬಿದ್ದರೆ ಹರಿಗೋಲನ್ನು ದಂಡೆಯಲ್ಲೇ ಕೊಡಲಿಯಿಂದ ಕಡಿದು ಹಾಕುವುದು ಅವರ ಪದ್ಧತಿ. ಅವಳಿಗಿದ್ದ ಅನ್ನದ ದಾರಿ ಅದೊಂದೇ. ಅಂಥದ್ದರಲ್ಲಿ ಹೆಸರು ಬರೆದುಕೊಳ್ಳುವ, ಮೀನು ತಿನ್ನದ ಸರ್ಕಾರಿ ಮನುಷ್ಯನೊಬ್ಬ ಮೀನು ಹಿಡಿಯುವುದನ್ನು ಕಲಿಸು ಎಂದು ಬಂದು ನಿಂತರೆ? ಇವನು ಗುತ್ತಿಗೆದಾರನ ಕಡೆಯವನೇ ಎಂದು ಅವತ್ತೇ ತೀರ್ಮಾನಿಸಿದ್ದಳಂತೆ. ಆಗುವುದಿಲ್ಲ ಎಂದರೆ ಹಿಂದಿನಿಂದ ಏನಾದರೂ ಮಾಡಿಯಾನು, ಕಣ್ಣ ಮುಂದೆ ಇಟ್ಟುಕೊಳ್ಳುವುದೇ ವಾಸಿ ಎಂದು ಒಪ್ಪಿಕೊಂಡಳಂತೆ.

ಭಾನುವಾರ ಭಾನುವಾರ ಪಾಠ. ಮೊದಲ ಮೂರು ಭಾನುವಾರ ನೀರಿಗೆ ಕಾಲಿಡಲೂ ಬಿಡಲಿಲ್ಲ. ಹರಿಗೋಲನ್ನು ದಂಡೆಯಲ್ಲಿ ಕಲ್ಲುಗಳ ಮೇಲೆ ಎತ್ತರಿಸಿಟ್ಟು, ಅದರ ಒಳಗೆ ನನ್ನ ಕೈಯಿಂದಲೇ ನಾಲ್ಕು ಕೊಡ ನೀರು ಸುರಿಸಿದಳು. ಇವಳಿಗೇನು ತಲೆ ಕೆಟ್ಟಿದೆಯೇ ಎಂದುಕೊಂಡೆ. ಒಳಗಿನ ನೀರು ಎಲ್ಲಿ ಹೊರಗೆ ಜಿನುಗುತ್ತದೋ, ಹೊಳೆಯಲ್ಲಿ ಹೊರಗಿನ ನೀರು ಅಲ್ಲೇ ಒಳಗೆ ಬರುತ್ತದೆ. ಅಡಿಗೆ ಬಗ್ಗಿ ನೋಡಿ ಅಲ್ಲಿ ಇದ್ದಿಲಿನಿಂದ ಗುರುತು ಹಾಕಬೇಕು, ಒಣಗಿದ ಮೇಲೆ ಬಟ್ಟೆಗೆ ಡಾಂಬರು ಹಚ್ಚಿ ಅಂಟಿಸಬೇಕು. ನಾನು ನೋಡಿಯಾಯಿತು ಎಂದ ಮೇಲೂ ಅವಳು ಮತ್ತೊಮ್ಮೆ ಬಗ್ಗಿ ನೋಡುತ್ತಿದ್ದಳು. ಅವಳು ನೋಡಿದ್ದನ್ನು ನಾನು ಇನ್ನೊಮ್ಮೆ ನೋಡಬೇಕಿತ್ತು.

ಆಮೇಲೆ ಸಾಮಾನು. ಹುಟ್ಟಿಗೆ ಒಂದು ಹಗ್ಗ, ಅದರ ಇನ್ನೊಂದು ತುದಿ ಹರಿಗೋಲಿನ ಅಂಚಿಗೆ. ಕೈಜಾರಿದ ಹುಟ್ಟು ನಮ್ಮನ್ನು ಕಾಯುತ್ತ ನಿಲ್ಲುವುದಿಲ್ಲ. ಈಜು ಬಾರದ ನನ್ನ ಸೊಂಟಕ್ಕೆ ಬಾಯಿಗೆ ಮೇಣ ಹಾಕಿದ ಎರಡು ಒಣ ಸೋರೆಬುರುಡೆ. ಒಳಗೆ ಬಂದ ನೀರು ಎತ್ತಿ ಚೆಲ್ಲಲು ಹಳೆಯ ಎಣ್ಣೆ ಡಬ್ಬಿ. ಲಂಗರಿಗೆ ಒಂದು ಕಲ್ಲು, ಅದಕ್ಕೆ ಒಂದೇ ಎಳೆತಕ್ಕೆ ಬಿಚ್ಚುವ ಗಂಟು. ಬಿಚ್ಚದಿದ್ದರೆ ಕೊಯ್ಯಲು ಚಾಕು. ಗಾಳದ ದಾರವನ್ನು ಕೋಲಿಗೆ ಸುತ್ತಬೇಕು, ಸತ್ತರೂ ಕೈಗೆ ಸುತ್ತಬಾರದು ಎಂದು ತನ್ನ ಎಡಗೈ ಕಿರುಬೆರಳು ತೋರಿಸಿದಳು. ಅದು ಅರ್ಧವೇ ಇತ್ತು. ಹರಿಗೋಲಿನ ನಡುವೆ ಕೂರಬೇಕು, ಮೀನು ಸಿಕ್ಕ ಖುಷಿಗೆ ಎದ್ದು ನಿಲ್ಲಬಾರದು. ಹೋಗುವಾಗ ಗಾಳಿಗೆ ಎದುರಾಗಿ ಹೋಗಬೇಕು, ಬರುವಾಗ ರಟ್ಟೆ ಸೋತಿರುತ್ತದೆ, ಗಾಳಿಯೇ ತಂದು ಬಿಡಲಿ. ಗಾಳಕ್ಕೆ ಎರೆಹುಳು, ಇಲ್ಲದಿದ್ದರೆ ಜೋಳದ ಹಿಟ್ಟಿಗೆ ಶೇಂಗಾ ಹಿಂಡಿ ಕಲಸಿದ ಉಂಡೆ. ಹುಳು ಪೋಣಿಸುವಾಗ ನಾನು ಮುಖ ತಿರುಗಿಸುತ್ತಿದ್ದೆ. ಬೆಳಗಾದರೆ ಮಂದಿಯ ಬೆರಳು ಚುಚ್ಚುವವರಿಗೆ ಹುಳ ಚುಚ್ಚಲು ಅಂಜಿಕೆಯೇ ಎಂದು ಅವಳು ನಕ್ಕಳು. ಸಿಕ್ಕ ಮೀನೆಲ್ಲ ಅವಳ ಬುಟ್ಟಿಗೆ ಹೋಗುತ್ತಿತ್ತು.

ಇನ್ನೊಂದು ಪಾಠ ಗಾಳಿಯದು. ಗಾಳಿ ಜೋರಾಗಿ ಎದ್ದರೆ ಊರ ಕಡೆಗೆ ಹುಟ್ಟು ಹಾಕಲೇಬಾರದು. ಹಿನ್ನೀರಿನ ನಡುವೆ, ಮುಳುಗದೆ ಉಳಿದ ಗುಡ್ಡದ ತಲೆಗಳು ಅಲ್ಲಲ್ಲಿ ನಡುಗಡ್ಡೆಯಾಗಿ ನಿಂತಿವೆ. ಹತ್ತಿರದ ಗಡ್ಡೆ ಸೇರಿ, ಹರಿಗೋಲನ್ನು ಮೇಲಕ್ಕೆಳೆದು ಬೋರಲು ಹಾಕಿ, ಅದರ ಅಡಿ ಕೂತುಬಿಡಬೇಕು.

"ಎಂಥಾ ಗಾಳಿ ಇರ್ಲಿ, ದೀಪ ಹಚ್ಚೋ ಹೊತ್ತಿಗೆ ಇಳಿತೈತಿ," ಎಂದಳು. "ಅಲ್ಲೀತನ ಕುಂದ್ರಬೇಕ್ರಿ. ಕುಂದ್ರಾಕ ಬರ್ಲಿಲ್ಲಂದ್ರ ನೀರಿಗೆ ಬರಬಾರ್ದು."

ಇದೆಲ್ಲ ನಿಜವೇ ಇರಬಹುದು ಎಂದು ನಾನು ನಂಬುತ್ತ ಬಂದಿದ್ದೆ. ಒಂದು ಭಾನುವಾರ, ನಡು ಮಧ್ಯಾಹ್ನ ಹಳೆಯ ಹುಣಸೆ ಬೊಡ್ಡೆಯ ಹತ್ತಿರ ಬರಬೇಕು, ಕಾಟ್ಲಾ ಮೀನು ಸುಡುಬಿಸಿಲಿಗೇ ಮೇಲೆ ಬರುತ್ತವೆ, ತಾನೂ ಹರಿಗೋಲು ತರುತ್ತೇನೆ ಎಂದು ಹೇಳಿದಳು. ಹೋದೆ. ನಾಲ್ಕು ತಾಸು ದಂಡೆಯಲ್ಲಿ ಗಾಳ ಹಿಡಿದು ಒಣಗಿದೆ. ಮೀನೂ ಇಲ್ಲ, ಅವಳೂ ಇಲ್ಲ. ಸಂಜೆ ಎದುರಿನ ಜಾಲಿ ಪೊದೆಯಿಂದ ಸೀರೆ ಕೊಡವಿಕೊಳ್ಳುತ್ತ ಎದ್ದು ಬಂದಳು. ಬೆಳಗಿನಿಂದ ಅಲ್ಲೇ ಅಡಗಿ ಕೂತಿದ್ದಳಂತೆ. ನಾನು ಸುದ್ದಿ ಮುಟ್ಟಿಸಿದ್ದರೆ ಅವಳನ್ನು ಹಿಡಿಯಲು ಗುತ್ತಿಗೆದಾರನ ಮೋಟಾರು ದೋಣಿ ಬರಬೇಕಿತ್ತಲ್ಲ, ಬರುತ್ತದೋ ಇಲ್ಲವೋ ನೋಡಲು.

"ಸುಡುಬಿಸಿಲಿಗೆ ಯಾವ ಮೀನು ಮ್ಯಾಲ ಬರ್ತೈತಿ, ತಮ್ಮಾ? ಮೀನಿಗೇನು ಹುಚ್ಚು ಹಿಡದೈತೇನು?"

ನನಗೆ ಮೈಯೆಲ್ಲ ಉರಿಯಿತು, ಬಿಸಿಲಿಗೂ ಸಿಟ್ಟಿಗೂ. ಆದರೆ ಅವಳು ತಮ್ಮಾ ಎಂದದ್ದನ್ನು ಗಮನಿಸಿದೆ. ಆಮೇಲೆ ಅವಳು ಸಾಹೇಬ್ರ ಎನ್ನಲಿಲ್ಲ, ನೀವು ಎನ್ನಲೂ ಇಲ್ಲ. ಅವಳ ಅನುಮಾನ ಅಲ್ಲಿಗೆ ಮುಗಿಯಿತು, ನನ್ನದು ಅಲ್ಲಿಂದ ಶುರುವಾಯಿತು. ಇಷ್ಟು ಸಲೀಸಾಗಿ ಸುಳ್ಳು ಪಾಠ ಹೇಳಬಲ್ಲವಳು ಇನ್ನೆಷ್ಟು ಹೇಳಿದ್ದಾಳೋ! ಕಲಿತದ್ದನ್ನೆಲ್ಲ ಒಂದೊಂದಾಗಿ ಪರೀಕ್ಷೆ ಮಾಡಿದೆ. ಗಂಟು ನಿಜ, ಬುರುಡೆ ನಿಜ, ಹಿಂಡಿಯ ಉಂಡೆ ನಿಜ. ಗಾಳಿಯ ಮಾತನ್ನು ಮಾತ್ರ ಪರೀಕ್ಷಿಸಲು ಆಗಲಿಲ್ಲ, ಗಾಳಿಯ ದಿನ ನಾನು ನೀರಿಗೆ ಇಳಿದವನೇ ಅಲ್ಲ.

ನೀರಿಗೆ ಹೋಗುವವರು ದಂಡೆಯ ಮೇಲಿನ ಒಬ್ಬರಿಗಾದರೂ ಯಾವ ದಿಕ್ಕು ಎಂದು ಹೇಳಿ ಹೋಗುವುದು ಬೆಸ್ತರ ಪದ್ಧತಿ. ಗಂಡ ಹೋದ ಮೇಲೆ ದೊಡ್ಡವ್ವ ಯಾರಿಗೂ ಹೇಳುತ್ತಿರಲಿಲ್ಲ, ಓಣಿಯವರಿಗೆ ಹೇಳಿದರೂ ಮೇಸ್ತ್ರಿಯ ಕಿವಿಗೆ ಬಿದ್ದೀತೆಂದು. ಈಗ ನನಗೆ ಹೇಳತೊಡಗಿದಳು. ನಾನು ಊರಿಗೆ ಬಂದ ದಿನಗಳಲ್ಲಿ ಬಾಗಿಲಲ್ಲಿ ನಿಂತು, ಇವತ್ತು ಈ ಕಡೆ, ತಮ್ಮಾ, ಎಂದು ಮೆಲ್ಲಗೆ ಅಂದು ಹೋಗುವಳು. ಅದನ್ನು ಕೇಳಿದಾಗ ನನಗಾಗುತ್ತಿದ್ದ ಹೆಮ್ಮೆ, ಕೆಲಸದ ಆರ್ಡರು ಕೈಗೆ ಬಂದ ದಿನವೂ ಆಗಿರಲಿಲ್ಲ.

ಮರುವರ್ಷದ ಆಷಾಢ. ಅವತ್ತು ಅವಳ ಓಣಿಯ ಸರದಿ. ಗೋಡೆಯ ಮೇಲೆ ತಾರೀಖು ಬರೆಯುತ್ತಿದ್ದೆ. ಪಡುವಲ ನಡುಗಡ್ಡಿ ಕಡೆ ಹೋಗ್ತೀನಿ ಎಂದು ಹೇಳಿ ಹೋದಳು. ಬೆಳಗ್ಗೆ ಎಲೆಯೂ ಅಲ್ಲಾಡುತ್ತಿರಲಿಲ್ಲ. ಮಧ್ಯಾಹ್ನ ಗಾಳಿ ಎದ್ದಿತು ನೋಡಿ, ಮನೆಗಳ ಮೇಲಿನ ತಗಡು ಹಾರಿದವು. ಹಿನ್ನೀರು ಬೆಳ್ಳಗೆ ನೊರೆಗಟ್ಟಿ ದಂಡೆಯ ಕಲ್ಲಿಗೆ ಅಪ್ಪಳಿಸುತ್ತಿತ್ತು. ನಾಲ್ಕು ಗಂಟೆಯಾಯಿತು, ಐದಾಯಿತು. ಅವಳಿಲ್ಲ.

ಕೂರಬೇಕು ಎಂದು ಅವಳು ಹೇಳಿದ್ದು ನೆನಪಿತ್ತು. ದೀಪ ಹಚ್ಚುವ ಹೊತ್ತಿಗೆ ಇಳಿಯುತ್ತದೆ ಎಂದದ್ದೂ ನೆನಪಿತ್ತು. ಅದರ ಜೊತೆಗೇ ಹುಣಸೆ ಬೊಡ್ಡೆಯ ಬಿಸಿಲೂ ನೆನಪಾಯಿತು. ಇದೂ ಸುಳ್ಳಿದ್ದರೆ? ಗಡ್ಡೆ ಮುಟ್ಟುವ ಮೊದಲೇ ಮಗುಚಿದ್ದರೆ? ಬೆಸ್ತರು ಯಾರೂ ಆ ಗಾಳಿಗೆ ಹರಿಗೋಲು ಇಳಿಸಲು ಒಪ್ಪಲಿಲ್ಲ. ಸುತ್ತಮುತ್ತ ಮೋಟಾರು ದೋಣಿ ಇದ್ದದ್ದು ಒಬ್ಬನ ಹತ್ತಿರ. ನಾನು ಸೈಕಲ್ ಹತ್ತಿ ಗುತ್ತಿಗೆದಾರನ ಕ್ಯಾಂಪಿಗೆ ಹೋಗಿ, ಮೇಸ್ತ್ರಿಯ ಮುಂದೆ ನಿಂತು, ಯಾರು, ಯಾವ ಗಡ್ಡೆ, ಎಲ್ಲ ಹೇಳಿದೆ.

ದೋಣಿಯಲ್ಲಿ ನಾನೂ ಹೋದೆ. ಗಡ್ಡೆಯ ಮೇಲೆ ಹರಿಗೋಲು ಬೋರಲಾಗಿತ್ತು. ಅದರ ಅಡಿ ದೊಡ್ಡವ್ವ ಕಾಲು ಚಾಚಿ ಕೂತು ಎಲೆಅಡಿಕೆ ಮೆಲ್ಲುತ್ತಿದ್ದಳು. ಸೀರೆಯ ಅಂಚೂ ಒದ್ದೆಯಾಗಿರಲಿಲ್ಲ. ಪಕ್ಕದಲ್ಲಿ ಹಸಿ ಗೋಣಿಚೀಲದೊಳಗೆ ಮೀನು. ದೋಣಿ ನೋಡಿದಳು, ಮೇಸ್ತ್ರಿಯನ್ನು ನೋಡಿದಳು, ನನ್ನನ್ನು ನೋಡಿದಳು. ಹರಿಗೋಲನ್ನು ದೋಣಿಯ ಹಿಂದೆ ಕಟ್ಟಿದರು. ನಾವು ವಾಪಸಾಗುವಾಗ ಊರಿನಲ್ಲಿ ಒಂದೊಂದೇ ದೀಪ ಹತ್ತುತ್ತಿತ್ತು. ಗಾಳಿ ಇಳಿದಿತ್ತು.

ದಂಡೆಯಲ್ಲಿ ಕೊಡಲಿ ತಂದರು. ನಾನು ಮೇಸ್ತ್ರಿಯ ಕೈ ಹಿಡಿದುಕೊಂಡೆ, ಕಾಲಿಗೆ ಬೀಳುವುದೊಂದು ಬಾಕಿ.

"ನೀವ ಬಂದು ಹೇಳಿದ್ರಲ್ರಿ, ಸಾಹೇಬ್ರ," ಎಂದ ಅವನು, ಎಲ್ಲರಿಗೂ ಕೇಳುವ ಹಾಗೆ. "ಈಗ್ಯಾಕ ಅಡ್ಡ ಬರ್ತೀರಿ?"

ಬಿದಿರು ಮುರಿಯುವ ಸದ್ದು, ಸೀಳಿದ ಡಾಂಬರಿನ ವಾಸನೆ... ದೊಡ್ಡವ್ವ ಅಲ್ಲಿ ನಿಲ್ಲಲಿಲ್ಲ. ಹುಟ್ಟನ್ನು ಮಾತ್ರ ಎತ್ತಿಕೊಂಡು ಮನೆಗೆ ನಡೆದಳು.

ಹದಿನೈದು ದಿನಕ್ಕೆ ಮತ್ತೆ ಅವಳ ಓಣಿಯ ಸರದಿ ಬಂತು. ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಹೊಸ್ತಿಲಲ್ಲಿ ಕಂಬಳಿ ಹೊದ್ದು ಕೂತಿದ್ದಳು, ಜ್ವರ ಬಂದಿತ್ತು. ನಾನು ಕೇಳುವ ಮೊದಲೇ ಬೆರಳು ಚಾಚಿದಳು. ಸೂಜಿ ಚುಚ್ಚಿ ಗಾಜಿನ ಪಟ್ಟಿಗೆ ರಕ್ತ ಸವರಿಕೊಂಡೆ. ನೀನು ಸತ್ತೇಹೋದೆ ಅಂದುಕೊಂಡೆ, ದೊಡ್ಡವ್ವ, ಅದಕ್ಕೇ ಹೋದೆ, ಎಂದೆ. ಅವಳು ಗೋಡೆಯ ಮೇಲಿನ ನನ್ನ ತಾರೀಖುಗಳನ್ನೇ ನೋಡುತ್ತಿದ್ದಳು.

"ಬರ್ಕಳ್ರಿ, ಸಾಹೇಬ್ರ. ನೀವು ಯಾರಂತ ಮೊದಲ ದಿನಾನ ನನಗ ಗೊತ್ತಾಗಿತ್ತು. ನಡುವ ಮರ್ತೆ."

ದಸರೆಯ ಹೊತ್ತಿಗೆ ಆ ಮನೆಗೆ ಬೀಗ ಬಿತ್ತು. ಹಡಗಲಿಯ ಕಡೆ ಅಕ್ಕನ ಮಗಳ ಹತ್ತಿರ ಹೋಗಿದ್ದಾಳೆ, ಮಲ್ಲಿಗೆ ತೋಟದಲ್ಲಿ ಹೂ ಬಿಡಿಸುವ ಕೂಲಿ ಎಂದರು. ನೋಡಿ ಬರಬೇಕೆಂದು ಎರಡು ಸಲ ಹೊರಟು ಬಸ್ ಸ್ಟ್ಯಾಂಡಿನಿಂದಲೇ ವಾಪಸಾದೆ. ಕೆಲವು ವರ್ಷದ ಮೇಲೆ ಮೂರನೆಯ ಸಲ ಧೈರ್ಯ ಮಾಡಿ ಹೋದಾಗ, ಹಿಂದಿನ ಬೇಸಿಗೆಯಲ್ಲೇ ಅವಳು ತೀರಿಕೊಂಡಳೆಂದು ಅಕ್ಕನ ಮಗಳು ಹೇಳಿದಳು. ಕೂರಲು ಚಾಪೆ ಹಾಕಿ, ನೀವು ಯಾರು ಎಂದು ಕೇಳಿದಳು. ಮಲೇರಿಯಾದವನು ಎಂದಷ್ಟೇ ಹೇಳಿದೆ. ಮೂಲೆಯಲ್ಲಿ ಆ ಹುಟ್ಟು ಒರಗಿ ನಿಂತಿತ್ತು.

ರಸ್ತೆಯವರು ಸಂಜೆ ಡ್ರಮ್ಮು ಎತ್ತಿಕೊಂಡು ಹೋದರು. ಡಾಂಬರು ತೆಳ್ಳಗೇ ಹಾಕಿದ್ದರು, ಅದು ನನಗೆ ಗೊತ್ತಿದ್ದದ್ದೇ. ಕುರ್ಚಿಯಿಂದ ಏಳಲಿಲ್ಲ. ಮಧ್ಯಾಹ್ನದಿಂದ ಜೋರು ಗಾಳಿ ಬೀಸುತ್ತಿತ್ತು. ಆಷಾಢದಲ್ಲಿ ಗಾಳಿ ಎದ್ದ ದಿನ ನಾನು ಹೀಗೆ ಹೊರಗೆ ಕೂರುತ್ತೇನೆ, ಯಾಕೆಂದು ಹೆಂಡತಿಗೂ ಹೇಳಿಲ್ಲ. ಒಂದೇ ಒಂದು ದಿನವಾದರೂ ದೀಪ ಹಚ್ಚುವ ಹೊತ್ತಿಗೆ ಗಾಳಿ ಇಳಿಯದೆ ಇರಲಿ, ದೊಡ್ಡವ್ವ ಹೇಳಿದ್ದು ಸುಳ್ಳಾಗಲಿ, ಆಗ ನಾನು ಸೈಕಲ್ ಹತ್ತಿದ್ದು ಸರಿ ಎಂದುಕೊಳ್ಳುತ್ತೇನೆ... ಇಷ್ಟು ವರ್ಷ ಅದನ್ನೇ ಕಾಯುತ್ತ ಬಂದಿದ್ದೇನೆ. ಎದುರು ಮನೆಯವರು ಲೈಟು ಹಾಕಿದರು. ತೆಂಗಿನ ಗರಿ ಎರಡು ಸಲ ಅಲ್ಲಾಡಿ ನಿಂತಿತು. ಗಾಳಿ ಇಳಿಯಿತು.